ಲೈಬ್ರರಿಯಿಂದ ಹಾಸ್ಟೆಲ್ ದಾರಿ: ಮೊದಲು ಕ್ಯಾಮೆರಾನೋ, ದೀಪಾನೋ?

ಬೋಗಾದಿ ರಸ್ತೆ:
ನಮಸ್ಕಾರ. ಮೈಸೂರಿನ ಒಂದು ಕ್ಯಾಂಪಸ್‌ನ ವಿದ್ಯಾರ್ಥಿ ಪ್ರತಿನಿಧಿ ನಾನು. ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿರುತ್ತೆ, ಆದರೆ ಹುಡುಗಿಯರು ಆರಕ್ಕೇ ಎದ್ದು ಹೊರಡುತ್ತಾರೆ. ಹಾಸ್ಟೆಲ್‌ಗೆ ಮುಕ್ಕಾಲು ಕಿಲೋಮೀಟರ್, ಎರಡೂ ಬದಿ ಮಳೆಮರ, ದಾರಿ ಕತ್ತಲು. ಮುಂದಿನ ವಾರ ಕುಲಸಚಿವರ ಜೊತೆ ಸಭೆ ಇದೆ. ಸಿಸಿಟಿವಿ ಕೇಳೋಣ ಅಂತ ಹೆಚ್ಚಿನವರು. ಹಾಸ್ಟೆಲ್ ಗೇಟನ್ನೇ ಏಳಕ್ಕೆ ಮುಚ್ಚಿಬಿಡಿ ಅಂತ ಕೆಲವು ಅಧ್ಯಾಪಕರು. ಏನು ಕೇಳಬೇಕು?

ಕಂಬದ ಲೆಕ್ಕ:
ದೀಪ ಕೇಳಿ. ಕ್ಯಾಮೆರಾ ಆದದ್ದನ್ನು ಆಮೇಲೆ ತೋರಿಸುತ್ತೆ, ಕತ್ತಲಲ್ಲಿ ಅದೂ ಸರಿಯಾಗಿ ತೋರಿಸಲ್ಲ. ಆದರೆ ‘ದೀಪದ ವ್ಯವಸ್ಥೆ ಮಾಡಿ’ ಅನ್ನುವ ಅರ್ಜಿ ಕಡತದಲ್ಲೇ ಮಲಗುತ್ತೆ. ಯಾವ ಕಂಬ, ಏನು ತೊಂದರೆ, ಅದನ್ನು ಬರೆಯಿರಿ.

ಸಂಜೆ ಏಳೂವರೆಗೆ ನಾಲ್ಕೈದು ಜನ ಆ ದಾರಿ ನಡೆಯಿರಿ. ದಿನಾ ಅಲ್ಲಿ ಓಡಾಡುವ ಹುಡುಗಿಯರು ಜೊತೆಗಿರಲೇಬೇಕು. ಕಂಬಗಳಿಗೆ ನಂಬರ್ ಇಲ್ಲದಿದ್ದರೆ ಸೀಮೆಸುಣ್ಣದಲ್ಲಿ ಬರೆಯಿರಿ. ಎರಡು ಕಂಬಗಳ ನಡುವೆ ನಿಂತು, ಹತ್ತು ಹೆಜ್ಜೆ ದೂರದಲ್ಲಿರುವವರ ಮುಖ ಗುರುತು ಸಿಗುತ್ತಾ ನೋಡಿ. ಸಿಗದಿದ್ದರೆ, ಬಲ್ಬ್ ಉರಿಯುತ್ತಿದ್ದರೂ ಅದು ಕತ್ತಲ ಜಾಗವೇ.

ಮಳೆಮರದ ಸಾಲಿನಲ್ಲಿ ಆಗುವುದೇ ಇದು. ಎಂಟೊಂಬತ್ತು ಮೀಟರ್ ಎತ್ತರದ ದೀಪ ಎಲೆಯ ಮೇಲೆ ಬೀಳುತ್ತೆ, ನೆಲಕ್ಕೆ ಇಳಿಯಲ್ಲ. ವ್ಯಾಟ್ ಜಾಸ್ತಿ ಮಾಡಿದರೆ ಎಲೆ ಇನ್ನಷ್ಟು ಹೊಳೆಯುತ್ತೆ ಅಷ್ಟೆ. ಕೊಂಬೆ ಸವರಿದರೆ ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಚಿಗುರುತ್ತೆ. ಅದೇ ಕಂಬಕ್ಕೆ ನಾಲ್ಕೈದು ಮೀಟರ್ ಎತ್ತರದಲ್ಲಿ, ಕೊಂಬೆಗಳ ಕೆಳಗೆ, ಕಾಲುದಾರಿ ಕಡೆ ತಿರುಗಿದ ಇನ್ನೊಂದು ದೀಪ ಕೇಳಿ.

ಟೈಮರ್ ಕೂಡ ನೋಡಿಸಿ. ಜೂನ್ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು 6.50ರ ಹೊತ್ತಿಗೆ, ನವೆಂಬರಿನಲ್ಲಿ ಆರಕ್ಕೂ ಮೊದಲೇ. ಜೂನಿನಲ್ಲಿ ಏಳಕ್ಕೆ ಇಟ್ಟದ್ದನ್ನು ಯಾರೂ ಮುಟ್ಟದಿದ್ದರೆ ನವೆಂಬರಿನಲ್ಲಿ ಒಂದು ಗಂಟೆ ದೀಪವೇ ಇಲ್ಲ. ಬೆಳಕು ಕುಂದಿದಾಗ ತಾನೇ ಹತ್ತುವ ಸೆನ್ಸರ್ ಒಳ್ಳೆಯದು. ಅದರ ಮೇಲೆ ಅದೇ ದೀಪದ ಬೆಳಕು ಬೀಳಬಾರದು, ಬಿದ್ದರೆ ಹತ್ತುವುದು ಆರುವುದು ಶುರುವಾಗುತ್ತೆ.

ನಿಯಮಾವಳಿ:
ಗೇಟ್ ಮುಚ್ಚುವ ಮಾತಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯನ್ನೇ ಮುಂದಿಡಿ. ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ಕಟ್ಟುಪಾಡನ್ನು ಹುಡುಗಿಯರ ಹಾಸ್ಟೆಲ್‌ಗೆ ಹಾಕುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಸಾಕಷ್ಟು ಬೆಳಕು, ಹಾಸ್ಟೆಲ್–ಲೈಬ್ರರಿ–ಲ್ಯಾಬ್ ನಡುವೆ ನಂಬಬಹುದಾದ ಸಾರಿಗೆ ಒದಗಿಸುವುದೂ ಸಂಸ್ಥೆಯ ಹೊಣೆ ಎಂದಿದೆ. ಅಂದರೆ ನೀವು ಉಪಕಾರ ಬೇಡುತ್ತಿಲ್ಲ.

ಅದೇ ಸಭೆಯಲ್ಲಿ, ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ದೂರು ಸಮಿತಿಯ ಬಗ್ಗೆಯೂ ಕೇಳಿ. ವಿದ್ಯಾರ್ಥಿಗಳ ವಿಷಯ ಬಂದಾಗ ಅದರಲ್ಲಿ ಚುನಾಯಿತರಾದ ಮೂವರು ವಿದ್ಯಾರ್ಥಿಗಳಿರಬೇಕು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಮಾರ್ಗದರ್ಶಕರ ಮೇಲೇ ದೂರಿದ್ದರೆ, ವಿಚಾರಣೆ ನಡೆಯುವಾಗ ಅವರು ಆ ವಿದ್ಯಾರ್ಥಿನಿಯ ಮೌಲ್ಯಮಾಪನ ಮಾಡದಂತೆ ತಡೆಯಲು ಅವಕಾಶವಿದೆ. ಇದು ಗೊತ್ತಿಲ್ಲದೆ ಎಷ್ಟೋ ಸಂಶೋಧನಾ ವಿದ್ಯಾರ್ಥಿನಿಯರು ಬಾಯಿ ಬಿಡುವುದೇ ಇಲ್ಲ. ರ‍್ಯಾಗಿಂಗ್‌ಗೆ ಬೇರೆ ಸಹಾಯವಾಣಿ: 1800-180-5522.

ಬೋಗಾದಿ ರಸ್ತೆ:
ತುಂಬಾ ಉಪಕಾರ ಆಯ್ತು. ಇನ್ನೊಂದು ವಿಷಯ. ಯಾರಾದರೂ ತರಗತಿ, ಊಟ ಎಲ್ಲ ಬಿಟ್ಟು ರೂಮಿನಲ್ಲೇ ಉಳಿದುಬಿಟ್ಟರೆ ಜೊತೆಯವರು ಏನು ಮಾಡಬೇಕು?

ಆಪ್ತಸಮಾಲೋಚಕಿ:
ಒಬ್ಬರೇ ಹೋಗಿ, ಗುಂಪು ಬೇಡ. ‘ಊಟ ಆಯ್ತಾ, ನಿದ್ದೆ ಬರ್ತಿದೆಯಾ’ ಅಂತ ಶುರು ಮಾಡಿ. ಮಾತು ಭಾರವಾಗುತ್ತಿದ್ದರೆ ‘ಬದುಕೋದೇ ಬೇಡ ಅನ್ನಿಸ್ತಿದೆಯಾ’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ, ಹೇಳಿಕೊಳ್ಳಲು ದಾರಿಯಾಗುತ್ತೆ. ‘ಯಾರಿಗೂ ಹೇಳಲ್ಲ’ ಅಂತ ಮಾತ್ರ ಭಾಷೆ ಕೊಡಬೇಡಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ವಾರ್ಡನ್‌ಗೆ ತಿಳಿಸಿ, ಪಕ್ಕದಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕೂಡಲೇ ಅಪಾಯ ಅನ್ನಿಸಿದರೆ ತುರ್ತು ಸಂಖ್ಯೆ 112.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಅರ್ಹ ಸಮಾಲೋಚಕರೊಬ್ಬರು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅದನ್ನೂ ಪಟ್ಟಿಗೆ ಸೇರಿಸಿ. ಆ ಕೊಠಡಿ ಆಡಳಿತ ಕಚೇರಿಯ ಪಡಸಾಲೆಯಲ್ಲಿ ಬೇಡ ಅಂತಲೂ ಬರೆಯಿರಿ. ಬಾಗಿಲಲ್ಲಿ ಕಾಯುವವರನ್ನು ಹತ್ತು ಜನ ನೋಡುವ ಜಾಗಕ್ಕೆ ಯಾರೂ ಬರುವುದಿಲ್ಲ.