ಎದೆ ಡವಡವ, ಏಳೋಕೇ ಮನಸ್ಸಿಲ್ಲ: ನಡೆದು ಗುಣ ಕಂಡವರು ಇದ್ದೀರಾ?

ಚಿಕ್ಕಬಳ್ಳಾಪುರದಿಂದ ಕೇಳುತ್ತಿದ್ದೇನೆ. ವಯಸ್ಸು 38, ಇಬ್ಬರು ಮಕ್ಕಳ ತಾಯಿ. ಖಿನ್ನತೆ, ಆತಂಕ ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಡಾಕ್ಟರು ದಿನಾ ವಾಕಿಂಗ್ ಮಾಡಿ ಅಂದರು. ಹಾಸಿಗೆ ಬಿಟ್ಟು ಏಳುವುದೇ ಕಷ್ಟ. ಇದರಿಂದ ನಿಜವಾಗಿ ಉಪಯೋಗ ಇದೆಯಾ?

ಕೋಲಾರದಿಂದ:
ಮೇಡಂ, ನನ್ನನ್ನು ಜಾಸ್ತಿ ಕಾಡಿದ್ದು ಗಾಬರಿ. ಬಸ್ಸಿನಲ್ಲಿ ಸುಮ್ನೆ ಕೂತಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು. ಇಸಿಜಿಯಲ್ಲಿ ಏನೂ ಇಲ್ಲ. ಒಂದು ಭಾನುವಾರ ಭಾವ ಇಲ್ಲೇ ಅಂತರಗಂಗೆ ಬೆಟ್ಟಕ್ಕೆ ಎಳೆದುಕೊಂಡು ಹೋದರು. ಅರ್ಧ ಮೆಟ್ಟಿಲಿಗೇ ಡವಡವ ಶುರು. ಬಂತಪ್ಪ ಅಂತ ಅಲ್ಲೇ ಕೂತುಬಿಟ್ಟೆ. ಅಷ್ಟರಲ್ಲಿ ಕೋತಿಯೊಂದು ಕೈಯಲ್ಲಿದ್ದ ಕಡ್ಲೇಕಾಯಿ ಪೊಟ್ಟಣ ಕಿತ್ತುಕೊಂಡಿತು. ಬೈಯುತ್ತಾ ಹತ್ತು ಮೆಟ್ಟಿಲು ಅದರ ಹಿಂದೆ ಓಡಿದೆ! ನಿಂತ ಮೇಲೆ ನೋಡಿದರೆ ಎದೆ ತಾನಾಗಿಯೇ ನಿಧಾನವಾಗುತ್ತಿದೆ. ಅಲ್ಲಿನ ಕಲ್ಲು ಬಸವನ ಬಾಯಿಂದ ಬೀಳುವ ನೀರಲ್ಲಿ ಮುಖ ತೊಳೆದು ಇಳಿದು ಬಂದೆ.

ಆಮೇಲೆ ಕೌನ್ಸೆಲರ್ ಬಿಡಿಸಿ ಹೇಳಿದರು. ಗಾಬರಿಯಲ್ಲೂ ಮೆಟ್ಟಿಲು ಹತ್ತುವಾಗಲೂ ಬೆವರು, ಏದುಸಿರು, ಬಡಿತ ಒಂದೇ ಥರ. ಹತ್ತಿ ಹತ್ತಿ ಅಭ್ಯಾಸವಾದರೆ ಆ ಬಡಿತದ ಭಯ ಕಡಿಮೆಯಾಗುತ್ತದಂತೆ. ನನಗೆ ಮೂರು ತಿಂಗಳು ಹಿಡಿಯಿತು. ಪೂರ್ತಿ ಹೋಗಿದೆ ಅಂತ ಹೇಳಲ್ಲ. ಆದರೆ ಈಗ ಬಸ್ಸಿನಿಂದ ಅರ್ಧ ದಾರಿಯಲ್ಲಿ ಇಳಿಯುವುದಿಲ್ಲ.

ತುಮಕೂರಿನಿಂದ:
ಅಕ್ಕಾ, ಮನಸ್ಸು ಬಂದಾಗ ಹೋಗೋಣ ಅಂತ ಕಾಯಬೇಡಿ, ಬರೋದಿಲ್ಲ. ಕಾಯಿಲೆಯೇ ಅದು, ಸೋಮಾರಿತನ ಅಲ್ಲ. ಮೊದಲ ವಾರ ನಾನು ನೈಟಿ ಮೇಲೆ ವೇಲ್ ಹೊದ್ದು ಹಾಲಿನ ಬೂತ್‌ವರೆಗೆ ಹೋಗಿ ಬಂದೆ, ಅಷ್ಟೇ. ಅಮಾನಿಕೆರೆ ಹತ್ತಿರ ವಾಕಿಂಗ್ ಹೋಗುವಷ್ಟಾಗಲು ಎರಡು ತಿಂಗಳು ಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಅನ್ನುತ್ತದೆ. ಅದನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ. ಪಕ್ಕದ ಮನೆಯವರನ್ನು ಜೊತೆಗೆ ಕರೆದರೆ ತಪ್ಪಿಸಿಕೊಳ್ಳೋಕೆ ಆಗಲ್ಲ, ಆದರೆ ಮಾತಿನ ಮಲ್ಲಿಯರು ಬೇಡ!

ಮತ್ತೊಬ್ಬರು, ಕೋಲಾರದಿಂದಲೇ:
ಒಂದು ಎಚ್ಚರಿಕೆ. ನಡಿಗೆ ಶುರು ಮಾಡಿ ಮೂರನೇ ವಾರ, ಹುಷಾರಾದೆ ಅಂತ ನಾನೇ ಮಾತ್ರೆ ಬಿಟ್ಟೆ. ತಲೆಸುತ್ತು, ನಿದ್ದೆಯಿಲ್ಲ, ಮತ್ತೆ ಮೊದಲಿನ ಜಾಗಕ್ಕೇ ಬಂದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆಯಿದ್ದ 156 ಜನರ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. 16 ವಾರದ ಕೊನೆಗೆ ವ್ಯಾಯಾಮದವರೂ ಮಾತ್ರೆಯವರೂ ಹೆಚ್ಚುಕಡಿಮೆ ಸಮ. ಆದರೆ ಶುರುವಿನಲ್ಲಿ ಬೇಗ ಕೆಲಸ ಮಾಡಿದ್ದು ಮಾತ್ರೆ. ಹಾಗಾಗಿ ಡಾಕ್ಟರನ್ನು ಕೇಳದೆ ಬಿಡಬೇಡಿ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.