ಅಪ್‌ಡೇಟ್: ಮಾದರಿ ರೈಲುಮಾರ್ಗದ ದೀಪ ಮತ್ತು ಧ್ವನಿ

ಬಾಗಲಕೋಟೆಯ ನಮ್ಮ ಮನೆಯಲ್ಲಿ ಗದಗ–ಹೊಟಗಿ ಮಾರ್ಗದ ಆಲಮಟ್ಟಿ ನಿಲ್ದಾಣವನ್ನು 1:87 ಅಳತೆಯಲ್ಲಿ ಕಟ್ಟುತ್ತಿರುವ ನಾನು, ಪ್ಲಾಟ್‌ಫಾರ್ಮಿನ ದೀಪಗಳು ಕಣ್ಣು ಕುಕ್ಕುವುದನ್ನೂ ಎಂಜಿನ್ನಿನ ಸದ್ದು ತೆಳುವಾಗಿ ಕೇಳುವುದನ್ನೂ ಸರಿಪಡಿಸುವುದು ಹೇಗೆಂದು ಕೇಳಿದ್ದೆನು. ಎರಡೂ ಬಗೆಹರಿದಿವೆ. ನೀವು ಸೂಚಿಸಿದಂತೆ, 12 ವೋಲ್ಟ್ ಪೂರೈಕೆಯಲ್ಲಿ ಪ್ರತಿ ಬಿಳಿ ಎಲ್‌ಇಡಿಗೂ 1 ಕಿಲೋಓಮ್ ಬದಲು 4.7 ಕಿಲೋಓಮ್ ರೆಸಿಸ್ಟರ್ ಜೋಡಿಸಿದಾಗ, ವಿದ್ಯುತ್ ಪ್ರವಾಹವು ಸುಮಾರು 9 ಮಿಲಿಆಂಪಿಯರಿನಿಂದ 2ಕ್ಕೆ ಇಳಿದು, ಬೆಳಕು ಹಳ್ಳಿಯ ನಿಲ್ದಾಣಕ್ಕೆ ಒಪ್ಪುವಂತಾಯಿತು. ಧ್ವನಿಯ ಕುರಿತು ದೊರೆತ ಸಲಹೆಯಂತೂ ನನಗೆ ಇನ್ನೂ ಬೆಲೆಯುಳ್ಳದ್ದು: ತೆರೆದಿಟ್ಟ ಸ್ಪೀಕರಿನ ಮುಂದಿನ ಮತ್ತು ಹಿಂದಿನ ಅಲೆಗಳು ಒಂದನ್ನೊಂದು ಅಳಿಸಿಹಾಕುವುದರಿಂದ ಮಂದ್ರ ಸ್ವರಗಳು ಕುಗ್ಗುತ್ತವೆ; ಸ್ಪೀಕರನ್ನು ಗಾಳಿಯಾಡದ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ, ಮೊದಲಿನ ಅದೇ ಡಿಎಫ್‌ಪ್ಲೇಯರ್ ಮಾಡ್ಯೂಲಿನಿಂದ (ಮೆಮೊರಿ ಕಾರ್ಡಿನಲ್ಲಿರುವ ಧ್ವನಿಯನ್ನು ನುಡಿಸುವ ಪುಟ್ಟ ಸರ್ಕ್ಯೂಟ್) ಡೀಸೆಲ್ ಎಂಜಿನ್ನಿನ ಗುಡುಗು ತುಂಬಿ ಬರುತ್ತಿದೆ. ಕೃಷ್ಣಾ ಸೇತುವೆಯ ಭಾಗಕ್ಕೂ ಇಂಥದೇ ಪೆಟ್ಟಿಗೆಯನ್ನು ಮಾಡಿಸಲು ಕೊಟ್ಟಿದ್ದೇನೆ.