ಇಂಗ್ಲೆಂಡಿನ ಫ್ಲಾಟ್ ಬಾಡಿಗೆಗೆ ಕೊಟ್ಟಿದ್ದಕ್ಕೆ ಫ್ರೀಹೋಲ್ಡರ್ 300 ಪೌಂಡ್ ಕೇಳುತ್ತಿದ್ದಾರೆ, ಕಟ್ಟಲೇಬೇಕಾ?

ಪ್ರಶ್ನೆ (ಸ್ಲೌ ಫ್ಲಾಟ್, ಈಗ ಮೈಸೂರು):
ನಮಸ್ಕಾರ ಮೇಡಂ. 2017ರಲ್ಲಿ ಸ್ಲೌನಲ್ಲಿ ಒಂದು ಫ್ಲಾಟ್ ತಗೊಂಡಿದ್ದೆವು. 125 ವರ್ಷದ ಲೀಸ್. ಹೋದ ವರ್ಷ ಅಪ್ಪನಿಗೆ ಹುಷಾರು ತಪ್ಪಿತು, ಎಲ್ಲರೂ ಮೈಸೂರಿಗೆ ಬಂದುಬಿಟ್ಟೆವು. ಫ್ಲಾಟನ್ನು ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟೆವು. ಆಮೇಲೆ ಫ್ರೀಹೋಲ್ಡರ್ (ಕಟ್ಟಡದ ಮೂಲ ಮಾಲೀಕರು) ಕಡೆಯ ಮ್ಯಾನೇಜಿಂಗ್ ಏಜೆಂಟ್ ಬಿಲ್ ಕಳಿಸಿದರು: ಸಬ್‌ಲೆಟ್ (ಅಂದರೆ ನಾವು ಬಾಡಿಗೆಗೆ ಕೊಡುವುದು) ಒಪ್ಪಿಗೆಗೆ 210 ಪೌಂಡ್, ರಿಜಿಸ್ಟ್ರೇಷನ್‌ಗೆ 90. ಮಾತಾಡದೆ ಕಟ್ಟಿದೆವು. ಈಗಲೂ ಅದೇ ಕುಟುಂಬ ಇದೆ. ಆದರೂ ಮತ್ತೆ 300 ಪೌಂಡ್ ಕೇಳುತ್ತಿದ್ದಾರೆ. ಕಟ್ಟದಿದ್ದರೆ ಲೀಸ್ ರದ್ದು ಮಾಡಬಹುದು ಅಂತಲೂ ಕಾಗದದಲ್ಲಿದೆ. ನಮ್ಮ ಮನೆಯವರಿಗೆ ನಿದ್ದೆ ಹತ್ತುತ್ತಿಲ್ಲ. ಏನು ಮಾಡಲಿ?

ಉತ್ತರ (ಲೀಸ್‌ಹೋಲ್ಡ್ ವಕೀಲೆ):
ಮೊದಲು ಮನೆಯವರಿಗೆ ಧೈರ್ಯ ಹೇಳಿ. 300 ಪೌಂಡ್ ಬಾಕಿಗೆ ಯಾರೂ ನಿಮ್ಮ ಫ್ಲಾಟ್ ಕಿತ್ತುಕೊಳ್ಳಲು ಆಗುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಊರಲ್ಲಿ 'ಲೀಸ್‌ಗೆ ಮನೆ' ಅಂದರೆ ಭೋಗ್ಯ: ಒಂದು ಗಂಟು ಕೊಟ್ಟು ಎರಡು ಮೂರು ವರ್ಷ ಇರುವುದು. ಇಂಗ್ಲೆಂಡಿನ ಲೀಸ್‌ಹೋಲ್ಡ್ ಬೇರೆ. ನೀವು ದುಡ್ಡು ಕೊಟ್ಟು ಕೊಂಡಿರುವುದು 125 ವರ್ಷದ ಅವಧಿಯನ್ನು. ಕಟ್ಟಡ, ನೆಲ ಫ್ರೀಹೋಲ್ಡರ್‌ದು. ನಿಮ್ಮಿಬ್ಬರ ನಡುವೆ ಇರುವುದು ಆ ಲೀಸ್ ಪತ್ರವೊಂದೇ. ಹಾಗಾಗಿ ಯಾವುದೇ ಶುಲ್ಕ ಕೇಳಿದರೂ ಮೊದಲ ಪ್ರಶ್ನೆ ಇದು: ಲೀಸ್‌ನಲ್ಲಿ ಎಲ್ಲಿ ಬರೆದಿದೆ, ತೋರಿಸಿ.

ಸಬ್‌ಲೆಟ್ ವಿಷಯದಲ್ಲಿ ಲೀಸ್‌ಗಳು ಒಂದೇ ಥರ ಇರುವುದಿಲ್ಲ. ಕೆಲವದರಲ್ಲಿ ಬಾಡಿಗೆಗೆ ಕೊಡುವ ಮುಂಚೆ ಲಿಖಿತ ಒಪ್ಪಿಗೆ ಬೇಕು. ಕೆಲವದರಲ್ಲಿ ಒಪ್ಪಿಗೆ ಬೇಡ, ಕೊಟ್ಟ ಮೇಲೆ ಇಷ್ಟು ದಿನದೊಳಗೆ ನೋಟಿಸ್ ಕೊಟ್ಟರೆ ಸಾಕು. ಇನ್ನು ಕೆಲವದರಲ್ಲಿ ಈ ಮಾತೇ ಇರುವುದಿಲ್ಲ. ಒಪ್ಪಿಗೆ ಬೇಡ ಅನ್ನುವ ಲೀಸ್ ಇಟ್ಟುಕೊಂಡು ಒಪ್ಪಿಗೆ ಶುಲ್ಕ ಕಟ್ಟುತ್ತಿರುವವರನ್ನು ನಾನು ತುಂಬಾ ನೋಡಿದ್ದೇನೆ. ಬಿಲ್ ಬಂತು, ಕಟ್ಟಿದರು, ಅಷ್ಟೇ. ನೋಡಿದರೆ ಸಂಕಟವಾಗುತ್ತದೆ.

ಒಪ್ಪಿಗೆ ಬೇಕು ಅಂತಲೇ ಇದ್ದರೂ ಬಾಯಿಗೆ ಬಂದಷ್ಟು ಕೇಳುವ ಹಾಗಿಲ್ಲ. ಕಾಮನ್‌ಹೋಲ್ಡ್ ಅಂಡ್ ಲೀಸ್‌ಹೋಲ್ಡ್ ರಿಫಾರ್ಮ್ ಆಕ್ಟ್ 2002ರ ಹನ್ನೊಂದನೇ ಶೆಡ್ಯೂಲ್ ಇಂಥ ಶುಲ್ಕವನ್ನು 'ಅಡ್ಮಿನಿಸ್ಟ್ರೇಷನ್ ಚಾರ್ಜ್' ಅನ್ನುತ್ತದೆ. ಲೀಸ್‌ನಲ್ಲಿ ಮೊತ್ತವೂ ಇಲ್ಲ, ಲೆಕ್ಕ ಹಾಕುವ ಸೂತ್ರವೂ ಇಲ್ಲ ಅಂದರೆ, ಸಮಂಜಸ ಅನ್ನಿಸುವಷ್ಟು ಮಾತ್ರ ಕೊಟ್ಟರೆ ಸಾಕು. ಎಷ್ಟು ಸಮಂಜಸ? 2012ರಲ್ಲಿ ಅಪ್ಪರ್ ಟ್ರಿಬ್ಯೂನಲ್ (ಮೇಲ್ಮನವಿ ಕೇಳುವ ನ್ಯಾಯಮಂಡಳಿ) ಮುಂದೆ ಸಬ್‌ಲೆಟ್ ಒಪ್ಪಿಗೆ ಶುಲ್ಕದ ಪ್ರಶ್ನೆ ಬಂದಿತ್ತು. ನಾರ್ಟನ್ ಪ್ರಕರಣ ಅಂತ ಕರೆಯುತ್ತಾರೆ. ಅಲ್ಲಿ ಒಪ್ಪಿದ್ದು 40 ಪೌಂಡ್, ಜೊತೆಗೆ ವ್ಯಾಟ್. ಇದು ಎಲ್ಲರಿಗೂ ಕಟ್ಟಿಟ್ಟ ದರವಲ್ಲ. ಫ್ರೀಹೋಲ್ಡರ್ ಏನೇನು ಕೆಲಸ ಮಾಡಿದ್ದೇವೆ ಅಂತ ಸಾಕ್ಷಿ ಸಮೇತ ತೋರಿಸಿದಾಗ ಜಾಸ್ತಿ ಒಪ್ಪಿದ್ದೂ ಉಂಟು. ಆದರೆ 210 ಪೌಂಡ್ ಕೇಳುವವರು ಅಷ್ಟು ಕೆಲಸ ಎಲ್ಲಿ ಮಾಡಿದೆವು ಅಂತ ಹೇಳಬೇಕಾಗುತ್ತದೆ. ಅದೇ ಬಾಡಿಗೆದಾರರು ಮುಂದುವರಿದಾಗ ಎರಡನೇ ವರ್ಷ ಅವರಿಗೆ ಕೆಲಸವಾದರೂ ಏನಿದೆ? ಇಂಗ್ಲೆಂಡಿನಲ್ಲಿ 2026ರ ಮೇ 1ರಿಂದ ಬಾಡಿಗೆ ಒಪ್ಪಂದಗಳು ಅವಧಿ ಇಲ್ಲದೆ ತಾನಾಗಿ ಮುಂದುವರಿಯುವಂತೆ ಕಾನೂನು ಬದಲಾಗಿದೆ. 'ವರ್ಷಕ್ಕೊಮ್ಮೆ ರಿನ್ಯೂವಲ್' ಅನ್ನುವ ನೆಪಕ್ಕೆ ಇನ್ನು ಅಷ್ಟು ಬಲ ಇಲ್ಲ.

ಬಿಲ್ ಜೊತೆ ಇನ್ನೊಂದು ಹಾಳೆ ಬಂದಿದೆಯಾ ನೋಡಿ. ಅಡ್ಮಿನಿಸ್ಟ್ರೇಷನ್ ಚಾರ್ಜ್ ಕೇಳುವಾಗ ಲೀಸ್‌ಹೋಲ್ಡರ್‌ನ ಹಕ್ಕು ಮತ್ತು ಹೊಣೆಗಳ ಸಾರಾಂಶ ಲಗತ್ತಿಸಲೇಬೇಕು. ಅದು ಬರುವವರೆಗೆ ದುಡ್ಡು ತಡೆಹಿಡಿಯಬಹುದು.

ಈಗ ಆ ಬೆದರಿಕೆ. ಬಾಕಿಗಾಗಿ ಲೀಸ್ ರದ್ದು ಮಾಡಲು ಹೊರಡಬೇಕಾದರೆ ಒಟ್ಟು ಬಾಕಿ 350 ಪೌಂಡ್ ದಾಟಿರಬೇಕು, ಇಲ್ಲವೇ ಮೂರು ವರ್ಷಕ್ಕಿಂತ ಹಳೆಯದಾಗಿರಬೇಕು. ಅದೂ ಸಾಲದು. ಬಾಕಿ ಇದೆ ಅಂತ ನೀವೇ ಒಪ್ಪಿರಬೇಕು, ಅಥವಾ ಟ್ರಿಬ್ಯೂನಲ್ಲೋ ಕೋರ್ಟೋ ತೀರ್ಮಾನಿಸಿರಬೇಕು. ಕಾಗದದಲ್ಲಿ ಹೆದರಿಸಿದಷ್ಟು ಸುಲಭವಲ್ಲ. ಆದರೆ ಇದನ್ನೇ ನಂಬಿಕೊಂಡು ಕಾಗದಗಳಿಗೆ ಉತ್ತರ ಕೊಡದೆ ಸುಮ್ನೆ ಇರಬೇಡಿ.

ಪ್ರಶ್ನೆ ಕೇಳಿದವರು:
ಮೇಡಂ, ನಿಜವಾಗಲೂ ಜೀವ ಬಂದಂತಾಯಿತು. ಆದರೆ ಹೋದ ವರ್ಷ ಕಟ್ಟಿಬಿಟ್ಟಿದ್ದೇವಲ್ಲ, ಒಪ್ಪಿಕೊಂಡ ಹಾಗೆ ಆಗಲಿಲ್ಲವೇ?

ವಕೀಲೆ:
ಇಲ್ಲ. ದುಡ್ಡು ಕಟ್ಟಿದ ಮಾತ್ರಕ್ಕೆ ಒಪ್ಪಿಕೊಂಡಂತೆ ಅಲ್ಲ ಅಂತ ಅದೇ ಶೆಡ್ಯೂಲ್ ಹೇಳುತ್ತದೆ. ಹಳೆಯದನ್ನೂ ಪ್ರಶ್ನಿಸಬಹುದು. ಮುಂದೆ ಅರ್ಜೆಂಟಿಗೆ ಕಟ್ಟುವ ಪರಿಸ್ಥಿತಿ ಬಂದರೂ 'ಆಕ್ಷೇಪಣೆ ಉಳಿಸಿಕೊಂಡೇ ಕಟ್ಟುತ್ತಿದ್ದೇನೆ' ಅಂತ ಒಂದು ಸಾಲು ಬರೆದು ಕಳಿಸಿ.

ಇನ್ನೊಬ್ಬ ಸದಸ್ಯರು (ಮಿಲ್ಟನ್ ಕೀನ್ಸ್):
ಅಕ್ಕ, ನಮ್ಮ ಲೀಸ್‌ನಲ್ಲಿ ಮೊತ್ತವನ್ನೇ ಬರೆದಿದ್ದಾರೆ. ಒಪ್ಪಿಗೆಯೂ ಬೇಕು. ಶುಲ್ಕದ ಜಗಳವೇ ಬೇಡ ಅಂತ ಹೇಳದೆ ಬಾಡಿಗೆಗೆ ಕೊಟ್ಟುಬಿಟ್ಟರೆ?

ವಕೀಲೆ:
ದಯವಿಟ್ಟು ಹಾಗೆ ಮಾಡಬೇಡಿ. ಶುಲ್ಕ ಜಾಸ್ತಿ ಅನ್ನುವುದು ಅವರ ತಪ್ಪು. ಒಪ್ಪಿಗೆ ಕೇಳದಿರುವುದು ನಿಮ್ಮ ತಪ್ಪಾಗುತ್ತದೆ. ಲೀಸ್ ಷರತ್ತು ಮುರಿದವರ ಕೈಯಲ್ಲಿ ವಾದ ಉಳಿಯುವುದಿಲ್ಲ. ಒಪ್ಪಿಗೆ ಕೇಳಿ. ಸಬ್‌ಲೆಟ್‌ಗೆ ಒಪ್ಪಿಗೆ ಬೇಕು ಅನ್ನುವ ಲೀಸ್ ಇದ್ದರೆ, ಸರಿಯಾದ ಕಾರಣ ಇಲ್ಲದೆ ನಿರಾಕರಿಸುವಂತಿಲ್ಲ ಅಂತ 1927ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್ ಹೇಳುತ್ತದೆ. ಸುಮ್ಮನೆ ಎಳೆದಾಡುವಂತಿಲ್ಲ, ಸಮಂಜಸ ಸಮಯದೊಳಗೆ ಬರಹದಲ್ಲಿ ಉತ್ತರ ಕೊಡಬೇಕು ಅಂತ 1988ರ ಕಾನೂನು ಇದೆ. ಲೀಸ್‌ನಲ್ಲೇ ಬರೆದ ಮೊತ್ತ ವಿಪರೀತ ಅನ್ನಿಸಿದರೆ, ಆ ಷರತ್ತನ್ನೇ ಬದಲಾಯಿಸಿಕೊಡಿ ಅಂತ ಟ್ರಿಬ್ಯೂನಲ್ಲಿಗೆ ಹೋಗಲು ದಾರಿ ಇದೆ.

ಹಾಗೇ ಮಾರ್ಟ್‌ಗೇಜ್ ಕೊಟ್ಟ ಬ್ಯಾಂಕಿನ ಒಪ್ಪಿಗೆ ಬೇರೆ, ಇದು ಬೇರೆ. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಮರೆಯಬೇಡಿ.

ಅದೇ ಸದಸ್ಯರು:
ಟ್ರಿಬ್ಯೂನಲ್ ಅಂದರೆ ಖರ್ಚು ಎಷ್ಟಾಗಬಹುದು? 300 ಪೌಂಡ್ ಉಳಿಸಲು ಹೋಗಿ ಸಾವಿರ ಕಳೆದುಕೊಂಡರೆ?

ವಕೀಲೆ:
ಇಂಗ್ಲೆಂಡಿನಲ್ಲಿ ಇದನ್ನು ನೋಡುವುದು ಫಸ್ಟ್ ಟಿಯರ್ ಟ್ರಿಬ್ಯೂನಲ್‌ನ ಪ್ರಾಪರ್ಟಿ ಚೇಂಬರ್. ವಕೀಲರಿಲ್ಲದೆ ನೀವೇ ಹೋಗಬಹುದು. ಅರ್ಜಿ ಶುಲ್ಕ ನೂರು ಪೌಂಡ್ ಆಸುಪಾಸು. ಹಿಯರಿಂಗ್ ನಡೆದರೆ ಇನ್ನೊಂದಿಷ್ಟು. ಕಾಗದಪತ್ರ ನೋಡಿಯೇ ತೀರ್ಮಾನಿಸಿ ಅಂತಲೂ ಕೇಳಬಹುದು, ಊರಲ್ಲಿರುವವರಿಗೆ ಅದೇ ಅನುಕೂಲ. ಅಪಾಯ ಇರುವುದು ಬೇರೆ ಕಡೆ. ಎಷ್ಟೋ ಲೀಸ್‌ಗಳಲ್ಲಿ ಫ್ರೀಹೋಲ್ಡರ್ ತನ್ನ ವಕೀಲರ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡಬಹುದು ಅಂತ ಇರುತ್ತದೆ. ಗೆದ್ದು ಬಂದಿರುತ್ತೀರಿ, ಮುಂದಿನ ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆ ಖರ್ಚಿನ ಪಾಲು) ಬಿಲ್ಲಿನಲ್ಲಿ ಅವರ ಖರ್ಚು ಕೂತಿರುತ್ತದೆ. ಇದನ್ನು ತಡೆಯಲು ಅರ್ಜಿ ಹಾಕುವಾಗಲೇ ಎರಡು ಆದೇಶ ಕೇಳಬೇಕು. ಒಂದು 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ 20ಸಿ ಸೆಕ್ಷನ್ ಕೆಳಗೆ. ಇನ್ನೊಂದು ಹನ್ನೊಂದನೇ ಶೆಡ್ಯೂಲಿನ 5ಎ ಪ್ಯಾರಾ ಕೆಳಗೆ. ಇದನ್ನು ಮರೆತು ಪೆಟ್ಟು ತಿಂದವರಿದ್ದಾರೆ.

ಒಂದೇ ಕಟ್ಟಡದಲ್ಲಿ ನಾಲ್ಕು ಫ್ಲಾಟಿನವರು ಇದೇ ಬಿಲ್ ಕಟ್ಟುತ್ತಿದ್ದರೆ ಒಟ್ಟಿಗೆ ಹೋಗಿ, ಖರ್ಚು ಹಂಚಿಹೋಗುತ್ತದೆ. ಅದಕ್ಕೂ ಮುಂಚೆ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ನವರನ್ನು ಕೇಳಿ. ಸರ್ಕಾರದ ದುಡ್ಡಿನಲ್ಲಿ ನಡೆಯುತ್ತದೆ, ಸಲಹೆ ಉಚಿತ.

ಪ್ರಶ್ನೆ ಕೇಳಿದವರು:
ಮೇಡಂ, ಲೀಸ್ ಹುಡುಕಿ ತೆಗೆದೆ. ನಮ್ಮದರಲ್ಲಿ 'ಒಪ್ಪಿಗೆ' ಅನ್ನುವ ಪದವೇ ಇಲ್ಲ! ಸಬ್‌ಲೆಟ್ ಮಾಡಿದ 28 ದಿನದೊಳಗೆ ನೋಟಿಸ್ ಕೊಡಬೇಕು, ಅದಕ್ಕೆ 'ಸಮಂಜಸ ರಿಜಿಸ್ಟ್ರೇಷನ್ ಶುಲ್ಕ' ಕೊಡಬೇಕು ಅಂತ ಮಾತ್ರ ಇದೆ.

ವಕೀಲೆ:
ನೋಡಿದಿರಾ! ಹಾಗಾದರೆ 210 ಪೌಂಡಿಗೆ ಆಧಾರವೇ ಇಲ್ಲ. ಈ ವರ್ಷ ಹೊಸ ಸಬ್‌ಲೆಟ್ ಆಗಿಲ್ಲ, ಹಾಗಾಗಿ ಹೊಸ ನೋಟಿಸ್‌ಗೂ ಕಾರಣವಿಲ್ಲ. ಇವತ್ತೇ ಕಾಗದ ಬರೆಯಿರಿ. ಲೀಸ್‌ನ ಆ ಷರತ್ತಿನ ನಂಬರ್ ಹಾಕಿ. ಒಪ್ಪಿಗೆ ಶುಲ್ಕ ಯಾವ ಷರತ್ತಿನ ಪ್ರಕಾರ ಅಂತ ಕೇಳಿ. ನೋಟಿಸನ್ನು ದಾಖಲಿಸಲು 90 ಪೌಂಡ್ ಯಾಕೆ ಬೇಕಾಯಿತು, ಲೆಕ್ಕ ಕೊಡಿ ಅನ್ನಿ. ಹೋದ ವರ್ಷದ 210 ವಾಪಸ್ ಕೇಳಿ. 21 ದಿನ ಗಡುವು ಕೊಡಿ, ಆಮೇಲೆ ಟ್ರಿಬ್ಯೂನಲ್ಲಿಗೆ ಹೋಗುತ್ತೇನೆ ಅಂತ ಮರ್ಯಾದೆಯಿಂದಲೇ ತಿಳಿಸಿ. ಸರ್ವಿಸ್ ಚಾರ್ಜ್, ಗ್ರೌಂಡ್ ರೆಂಟ್ (ಫ್ರೀಹೋಲ್ಡರ್‌ಗೆ ಕೊಡುವ ನೆಲಬಾಡಿಗೆ) ಮಾತ್ರ ಎಂದಿನಂತೆ ಕಟ್ಟುತ್ತಿರಿ, ಅದನ್ನು ಇದಕ್ಕೆ ಬೆರೆಸಬೇಡಿ. ಈಮೇಲ್ ಜೊತೆಗೆ ಬಿಲ್ಲಿನಲ್ಲಿರುವ ಫ್ರೀಹೋಲ್ಡರ್ ವಿಳಾಸಕ್ಕೂ ಅಂಚೆಯಲ್ಲಿ ಒಂದು ಪ್ರತಿ ಹೋಗಲಿ. ಬರೆದ ಮೇಲೆ, ಹೆಸರು ವಿಳಾಸ ಅಳಿಸಿ ಕರಡನ್ನು ಇಲ್ಲಿ ಹಾಕಿ, ಕಳಿಸುವ ಮುಂಚೆ ಒಂದು ಸಲ ಓದುತ್ತೇನೆ.